ತಪ್ಪನ್ನು ತೋರುವ ಬಣ್ಣ

ಅಂಕಿಗಳಿಂದ ತುಂಬಿದ ಹಾಳೆಯೊಂದರಲ್ಲಿ ಅಡಗಿರುವ ಒಂದೇ ಒಂದು ತಪ್ಪನ್ನು ಹುಡುಕುವುದು ಎಷ್ಟು ಪ್ರಯಾಸದ ಕೆಲಸವೆಂಬುದನ್ನು ಲೆಕ್ಕ ಬರೆದವರೆಲ್ಲರೂ ಬಲ್ಲರು. ಮೊದಲ ಹತ್ತು ಸಾಲುಗಳವರೆಗೆ ಕಣ್ಣು ಎಚ್ಚರದಿಂದಿರುವುದು. ಮೂವತ್ತನೆಯ ಸಾಲಿಗೆ ಬರುವ ವೇಳೆಗೆ ಅದು ಅಂಕಿಗಳನ್ನು ನೋಡುವುದೇ ಹೊರತು ಓದುವುದಿಲ್ಲ. ಆದರೆ ಮಲ್ಲಿಗೆಯ ರಾಶಿಯಲ್ಲಿ ಬಿದ್ದಿರುವ ಒಂದು ಕನಕಾಂಬರವನ್ನು ಕಾಣಲು ಯಾರೂ ಶ್ರಮಪಡಬೇಕಾಗಿಲ್ಲ. ಭೇದವು ಬಣ್ಣದಲ್ಲಿದ್ದರೆ ಕಣ್ಣು ಅದನ್ನು ಹುಡುಕುವುದಿಲ್ಲ, ತಾನಾಗಿಯೇ ಅಲ್ಲಿಗೆ ಹೋಗುವುದು. ನಮ್ಮ ದೃಷ್ಟಿಯ ಈ ಸ್ವಭಾವವನ್ನು ಲೆಕ್ಕದ ಶುದ್ಧಿಗಾಗಿ ಹೇಗೆ ಬಳಸಿಕೊಳ್ಳಬಹುದು, ಅದರಿಂದ ಆಗುವುದೆಷ್ಟು, ಆಗದಿರುವುದೆಷ್ಟು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಹಾಳೆಯ ರಚನೆ

ಕಂಪ್ಯೂಟರಿನ ತೆರೆಯ ಮೇಲೆ ಲೆಕ್ಕ ಮಾಡಲು ಇಂದು ಎಲ್ಲೆಡೆಯೂ ಬಳಕೆಯಲ್ಲಿರುವ ಸಾಧನಕ್ಕೆ ಸ್ಪ್ರೆಡ್‌ಶೀಟ್ ಎಂದು ಹೆಸರು. ೧೯೭೯ರಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು ಅಮೆರಿಕದಲ್ಲಿ ಹೊರತಂದ ವಿಸಿಕ್ಯಾಲ್ಕ್ ಎಂಬುದು ಸಣ್ಣ ಕಂಪ್ಯೂಟರುಗಳಿಗಾಗಿ ರಚಿತವಾದ ಇಂತಹ ಮೊದಲ ಸಾಧನ. ಈಗ ಹೆಚ್ಚು ಪ್ರಚಾರದಲ್ಲಿರುವ ಎಕ್ಸೆಲ್ ೧೯೮೫ರಲ್ಲಿ ಬಂದಿತು. ಲಿಬ್ರೆಆಫೀಸ್ ಕ್ಯಾಲ್ಕ್, ಗೂಗಲ್ ಶೀಟ್ಸ್ ಮೊದಲಾದವುಗಳ ರಚನೆಯೂ ಬಹುಮಟ್ಟಿಗೆ ಇದೇ ತೆರನಾದುದು.

ಈ ಹಾಳೆಯು ಚದುರಂಗದ ಹಾಸಿನಂತೆ ಅಡ್ಡಸಾಲುಗಳಿಂದಲೂ ಕಂಬಸಾಲುಗಳಿಂದಲೂ ಕೂಡಿದೆ. ಇವೆರಡೂ ಸಂಧಿಸುವ ಸ್ಥಳವನ್ನು ಸೆಲ್ ಎನ್ನುವರು. ನಾವು ಇಲ್ಲಿ 'ಮನೆ' ಎಂದು ಕರೆಯೋಣ. ಕಂಬಸಾಲಿಗೆ ಅಕ್ಷರವೂ ಅಡ್ಡಸಾಲಿಗೆ ಸಂಖ್ಯೆಯೂ ಹೆಸರಾಗಿರುವುದರಿಂದ ಪ್ರತಿಯೊಂದು ಮನೆಗೂ 'ಬಿ೨', 'ಎಚ್೪೧' ಎಂಬಂತೆ ಒಂದು ವಿಳಾಸವುಂಟು. ಮನೆಯಲ್ಲಿ ಸಂಖ್ಯೆಯನ್ನು ಬರೆಯಬಹುದು, ಪದಗಳನ್ನು ಬರೆಯಬಹುದು, ಇಲ್ಲವೆ ಬೇರೆ ಮನೆಗಳಿಂದ ಉತ್ತರವನ್ನು ಪಡೆಯುವ ಸೂತ್ರವನ್ನು ಬರೆಯಬಹುದು. ಸೂತ್ರದ ಮೊದಲಲ್ಲಿ ಸಮಚಿಹ್ನೆ ಇರಬೇಕು. ಸೂತ್ರಗಳಲ್ಲಿ ಬರುವ ಇಂಗ್ಲಿಷ್ ಪದಗಳನ್ನು ನಾವು ಉಚ್ಚಾರಣೆಗನುಸಾರವಾಗಿ ಕನ್ನಡದಲ್ಲಿ ಬರೆದಿದ್ದೇವೆ. ಕಂಪ್ಯೂಟರಿನಲ್ಲಿ ಅವನ್ನು ರೋಮನ್ ಲಿಪಿಯಲ್ಲಿಯೇ ಬರೆಯತಕ್ಕದ್ದು.

ಮನೆಯೊಂದರ ಬಣ್ಣವು ಅದರಲ್ಲಿರುವ ವಸ್ತುವಿನ ಗುಣವನ್ನು ಅನುಸರಿಸಿ ತಾನಾಗಿ ಬದಲಾಗುವಂತೆ ಮಾಡುವ ಏರ್ಪಾಡೇ ಕಂಡಿಷನಲ್ ಫಾರ್ಮ್ಯಾಟಿಂಗ್, ಎಂದರೆ ನಿಬಂಧನೆಗೊಳಪಟ್ಟ ಅಲಂಕಾರ. ೧೯೯೭ರ ಎಕ್ಸೆಲ್‌ನಲ್ಲಿ ಇದು ಮೊದಲು ಬಂದಾಗ ಒಂದು ಮನೆಗೆ ಮೂರು ನಿಬಂಧನೆಗಳಿಗಿಂತ ಹೆಚ್ಚಾಗಿ ವಿಧಿಸುವಂತಿರಲಿಲ್ಲ. ೨೦೦೭ರ ಆವೃತ್ತಿಯಲ್ಲಿ ಆ ಮಿತಿಯು ಹೋಯಿತು. ಇದರ ತತ್ತ್ವ ಬಹು ಸರಳವಾದುದು. ನಾವು ಒಂದು ಪ್ರಶ್ನೆಯನ್ನು ಕೊಡುತ್ತೇವೆ. ಯಂತ್ರವು ಅದನ್ನು ಪ್ರತಿಯೊಂದು ಮನೆಗೂ ಕೇಳುವುದು. ಉತ್ತರವು 'ಹೌದು' ಎಂದಾದ ಮನೆಗೆ ಬಣ್ಣವನ್ನು ಕೊಡುವುದು. 'ಅಲ್ಲ' ಎಂದಾದ ಮನೆಯನ್ನು ಹಾಗೆಯೇ ಬಿಡುವುದು. ಮನೆಯೊಳಗಿನ ಸಂಖ್ಯೆ ಮಾತ್ರ ಎಳ್ಳಷ್ಟೂ ಬದಲಾಗುವುದಿಲ್ಲ.

ಕೂಗುವ ತಪ್ಪು, ಮೌನವಾದ ತಪ್ಪು

ಹಾಳೆಯಲ್ಲಿ ಬರುವ ತಪ್ಪುಗಳನ್ನು ಎರಡು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ತನ್ನನ್ನು ತಾನೇ ಕೂಗಿ ಹೇಳಿಕೊಳ್ಳುವ ತಪ್ಪು. ಸೊನ್ನೆಯಿಂದ ಭಾಗಿಸಿದರೆ 'ಡಿವ್/೦' ಎಂಬ ಗುರುತು ಕಾಣಿಸುವುದು. ಸೂತ್ರದಲ್ಲಿ ಹೆಸರೊಂದನ್ನು ತಪ್ಪಾಗಿ ಬರೆದರೆ 'ನೇಮ್' ಎಂದೂ, ಸೂತ್ರವು ಆಧಾರವಾಗಿಟ್ಟುಕೊಂಡಿದ್ದ ಮನೆಯನ್ನೇ ಅಳಿಸಿಹಾಕಿದರೆ 'ರೆಫ್' ಎಂದೂ, ಸಂಖ್ಯೆ ಬೇಕಾದೆಡೆ ಪದವು ಸಿಕ್ಕಿದರೆ 'ವ್ಯಾಲ್ಯೂ' ಎಂದೂ, ಹುಡುಕಿದ ವಸ್ತು ಪಟ್ಟಿಯಲ್ಲಿ ದೊರೆಯದಿದ್ದರೆ 'ಎನ್/ಎ' ಎಂದೂ ಯಂತ್ರವು ಸೂಚಿಸುವುದು.

ಎರಡನೆಯದು ಮೌನವಾದ ತಪ್ಪು. ಇಲ್ಲಿ ಸೂತ್ರವು ವ್ಯಾಕರಣಶುದ್ಧವಾಗಿರುತ್ತದೆ, ಉತ್ತರವೂ ಬರುತ್ತದೆ, ಅದು ನಂಬುವಂತೆಯೂ ಇರುತ್ತದೆ, ಆದರೆ ಸರಿಯಾಗಿರುವುದಿಲ್ಲ. ಈ ವರ್ಗದ ತಪ್ಪಿನಿಂದ ಎಂತಹ ಪರಿಣಾಮವಾದೀತೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವುಂಟು.

ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ೨೦೧೦ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಯಾವುದೇ ದೇಶದ ಸರ್ಕಾರದ ಸಾಲವು ಆ ದೇಶದ ವಾರ್ಷಿಕ ಉತ್ಪನ್ನದ ಶೇಕಡಾ ೯೦ನ್ನು ಮೀರಿದಾಗ ಆರ್ಥಿಕ ಬೆಳವಣಿಗೆಯು ಬಹಳವಾಗಿ ಕುಗ್ಗುವುದೆಂದು ಅವರ ಅಂಕಿ ಅಂಶಗಳು ತೋರಿಸಿದುವು. ಮುಂದುವರಿದ ೨೦ ದೇಶಗಳ ವಿಷಯದಲ್ಲಿ ಅಂತಹ ವರ್ಷಗಳ ಸರಾಸರಿ ಬೆಳವಣಿಗೆಯು ಸೊನ್ನೆಗಿಂತಲೂ ಶೇಕಡಾ ೦.೧ರಷ್ಟು ಕೆಳಗಿದ್ದಿತು. ಸರ್ಕಾರಗಳು ವೆಚ್ಚವನ್ನು ಕಡಿತಮಾಡಬೇಕೆಂದು ವಾದಿಸುತ್ತಿದ್ದ ಅನೇಕರು ಈ ಪ್ರಬಂಧವನ್ನು ಆಧಾರವಾಗಿ ಎತ್ತಿಹಿಡಿದರು. ೨೦೧೩ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಯು ತನ್ನ ವ್ಯಾಸಂಗದ ಅಂಗವಾಗಿ ಆ ಲೆಕ್ಕವನ್ನು ಪುನಃ ಮಾಡಲು ತೊಡಗಿದನು. ಉತ್ತರವು ಹೊಂದಲಿಲ್ಲ. ಮೂಲ ಹಾಳೆಯನ್ನೇ ತರಿಸಿ ನೋಡಿದಾಗ, ೩೦ರಿಂದ ೪೯ನೆಯ ಸಾಲಿನವರೆಗೆ ಸರಾಸರಿ ತೆಗೆಯಬೇಕಾಗಿದ್ದ ಸೂತ್ರವು ೪೪ನೆಯ ಸಾಲಿನಲ್ಲಿಯೇ ನಿಂತಿರುವುದು ಕಂಡುಬಂದಿತು. ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡ, ಡೆನ್ಮಾರ್ಕ್ ಎಂಬ ಐದು ದೇಶಗಳು ಲೆಕ್ಕದಿಂದ ಬಿಟ್ಟುಹೋಗಿದ್ದುವು. ಹರ್ನ್‌ಡನ್ ಮತ್ತು ಅವನ ಇಬ್ಬರು ಅಧ್ಯಾಪಕರು ತಮ್ಮ ರೀತಿಯಲ್ಲಿ ಗಣಿಸಿದಾಗ ಸರಾಸರಿಯು ಶೇಕಡಾ ೨.೨ ಎಂದು ಬಂದಿತು.

ಇಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದುಂಟು. ಈ ವ್ಯತ್ಯಾಸವೆಲ್ಲವೂ ಆ ಒಂದು ಸೂತ್ರದಿಂದ ಬಂದುದಲ್ಲ. ಅದರ ಪಾಲು ಸುಮಾರು ಶೇಕಡಾ ೦.೩ರಷ್ಟು ಮಾತ್ರ. ಯಾವ ವರ್ಷಗಳನ್ನು ಸೇರಿಸಬೇಕು, ಯಾವ ದೇಶಕ್ಕೆ ಎಷ್ಟು ತೂಕ ಕೊಡಬೇಕು ಎಂಬ ಪ್ರಶ್ನೆಗಳಿಂದ ಉಳಿದ ಅಂತರವು ಹುಟ್ಟಿತು. ಮೂಲ ಲೇಖಕರು ಸೂತ್ರದ ತಪ್ಪನ್ನು ಒಪ್ಪಿಕೊಂಡರು, ತಮ್ಮ ಸಿದ್ಧಾಂತವನ್ನು ಬಿಟ್ಟುಕೊಡಲಿಲ್ಲ. ಆದರೆ ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದೆಂದರೆ ಇದು: ಮೂರು ವರ್ಷಗಳ ಕಾಲ ಆ ಹಾಳೆಯಲ್ಲಿ ಯಾವ ಅಪಾಯದ ಗುರುತೂ ಕಾಣಿಸಲಿಲ್ಲ. ೧೫ ಮನೆಗಳ ಸರಾಸರಿಯನ್ನು ಕೇಳಿದುದಕ್ಕೆ ಯಂತ್ರವು ೧೫ ಮನೆಗಳ ಸರಾಸರಿಯನ್ನು ಕೊಟ್ಟಿತು. ೨೦ ಇರಬೇಕಾಗಿತ್ತೆಂಬುದನ್ನು ಅದಕ್ಕೆ ಯಾರೂ ಹೇಳಿರಲಿಲ್ಲ.

ಬಣ್ಣದ ನಿಯಮವೆಂಬುದರ ತಿರುಳೆಲ್ಲವೂ ಈ ಕೊನೆಯ ವಾಕ್ಯದಲ್ಲಿದೆ. ಸರಿಯಾದ ಲೆಕ್ಕ ಹೇಗಿರಬೇಕೆಂಬ ನಮ್ಮ ನಿರೀಕ್ಷೆಯನ್ನು ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬರೆದಿಡುವುದೇ ನಿಯಮ. ನಿರೀಕ್ಷೆಯು ಮುರಿದೆಡೆಯಲ್ಲಿ ಬಣ್ಣವು ಕಾಣಿಸಿಕೊಳ್ಳುವುದು.

ಒಂದು ಅಂಕಪಟ್ಟಿ

ವಿದ್ಯಾರ್ಥಿಗಳಿಗೆ ಪರಿಚಿತವಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕ್ರಮದಲ್ಲಿ ಪ್ರಥಮ ಭಾಷೆಗೆ ೧೨೫, ಉಳಿದ ಐದು ವಿಷಯಗಳಿಗೆ ತಲಾ ೧೦೦, ಒಟ್ಟು ೬೨೫ ಅಂಕಗಳು. ೪೦ ವಿದ್ಯಾರ್ಥಿಗಳ ತರಗತಿಯೊಂದರ ಪಟ್ಟಿಯನ್ನು ಹೀಗೆ ಕಲ್ಪಿಸಿಕೊಳ್ಳೋಣ: 'ಎ' ಕಂಬಸಾಲಿನಲ್ಲಿ ನೋಂದಣಿ ಸಂಖ್ಯೆ; 'ಬಿ'ಯಲ್ಲಿ ಪ್ರಥಮ ಭಾಷೆ; 'ಸಿ'ಯಿಂದ 'ಜಿ'ವರೆಗೆ ಇತರ ವಿಷಯಗಳು; 'ಎಚ್'ನಲ್ಲಿ ವಿದ್ಯಾರ್ಥಿಯ ಮೊತ್ತ. ಮೊದಲ ಅಡ್ಡಸಾಲು ಶೀರ್ಷಿಕೆಗೆ. ೨ರಿಂದ ೪೧ರವರೆಗೆ ವಿದ್ಯಾರ್ಥಿಗಳಿಗೆ. ೪೨ನೆಯದರಲ್ಲಿ ಪ್ರತಿಯೊಂದು ಕಂಬಸಾಲಿನ ಮೊತ್ತ. ಪರೀಕ್ಷೆಗೆ ಬಾರದವರಿಗೆ ಅಂಕದ ಬದಲು 'ಎಬಿ' ಎಂದು ಬರೆಯುವುದಾಗಿ ಇಟ್ಟುಕೊಳ್ಳೋಣ.

ಮೊದಲನೆಯ ನಿಯಮವು ಕೂಗುವ ತಪ್ಪುಗಳಿಗಾಗಿ. ಎಕ್ಸೆಲ್‌ನಲ್ಲಿ 'ಬಿ೨'ರಿಂದ ಆರಂಭಿಸಿ 'ಎಚ್೪೨'ರವರೆಗೆ ಮನೆಗಳನ್ನು ಆರಿಸಿಕೊಂಡು, 'ಹೋಮ್' ಪಟ್ಟಿಯಲ್ಲಿ 'ಕಂಡಿಷನಲ್ ಫಾರ್ಮ್ಯಾಟಿಂಗ್' ಎಂಬುದನ್ನು ಒತ್ತಿ, 'ನ್ಯೂ ರೂಲ್' ಎಂಬುದಕ್ಕೆ ಹೋಗಬೇಕು. ಅಲ್ಲಿ ಕಾಣುವ ಬಗೆಗಳಲ್ಲಿ ಸೂತ್ರದ ಮೂಲಕ ಮನೆಗಳನ್ನು ನಿರ್ಧರಿಸುವ ಬಗೆಯನ್ನು ಆರಿಸಿ ಹೀಗೆ ಬರೆಯಬೇಕು:

= ಈಸ್‌ಎರರ್(ಬಿ೨)

ಅನಂತರ 'ಫಾರ್ಮ್ಯಾಟ್' ಎಂಬುದನ್ನು ಒತ್ತಿ ಕೆಂಪು ಹಿನ್ನೆಲೆಯನ್ನು ಆರಿಸಬೇಕು. ಸೂತ್ರದಲ್ಲಿ 'ಬಿ೨' ಒಂದನ್ನೇ ಬರೆದಿದ್ದರೂ ಯಂತ್ರವು ಅದನ್ನು ಆಯ್ದ ಭಾಗದ ಮೊದಲ ಮನೆಯ ಪ್ರಶ್ನೆಯೆಂದು ತಿಳಿದು, ಮುಂದಿನ ಮನೆಗಳಿಗೆ 'ಸಿ೨', 'ಬಿ೩' ಎಂಬಂತೆ ವಿಳಾಸವನ್ನು ತಾನೇ ಸರಿಸಿಕೊಂಡು ಹೋಗುವುದು. ಹೀಗೆ ಸರಿಯಬಾರದೆಂದಿದ್ದರೆ ವಿಳಾಸದ ಅಕ್ಷರಕ್ಕೂ ಸಂಖ್ಯೆಗೂ ಹಿಂದೆ ಡಾಲರ್ ಚಿಹ್ನೆಯನ್ನಿಡಬೇಕು. ಅದು ಮೊಳೆ ಹೊಡೆದು ನಿಲ್ಲಿಸಿದಂತೆ. ಒಂದು ವಿಷಯವನ್ನು ಗಮನಿಸತಕ್ಕದ್ದು. ಒಂದು ಮನೆಯಲ್ಲಿ ಇಂತಹ ತಪ್ಪು ಬಂದರೆ ಅದನ್ನು ಅವಲಂಬಿಸಿದ ಮೊತ್ತದಲ್ಲಿಯೂ, ಆ ಮೊತ್ತದ ಮೊತ್ತದಲ್ಲಿಯೂ ಅದು ಹರಡುವುದು. ಆದುದರಿಂದ ಹತ್ತು ಮನೆಗಳು ಕೆಂಪಾದರೆ ಹತ್ತು ತಪ್ಪುಗಳಿವೆಯೆಂದು ಗಾಬರಿಪಡಬೇಕಾಗಿಲ್ಲ. ಬುಡದ ಒಂದನ್ನು ಸರಿಪಡಿಸಿದರೆ ಉಳಿದವು ತಾವಾಗಿ ಬಿಳಿಯಾಗಬಹುದು.

ಎರಡನೆಯ ನಿಯಮವು ಸಂಖ್ಯೆಯ ವೇಷದಲ್ಲಿರುವ ಪದಕ್ಕಾಗಿ. ೭೦ ಎಂದು ಬರೆಯುವಾಗ ಸೊನ್ನೆಯ ಬದಲು ರೋಮನ್ ಲಿಪಿಯ 'ಓ' ಅಕ್ಷರವನ್ನು ಒತ್ತಿದರೆ ಕಣ್ಣಿಗೆ ಭೇದವೇ ತಿಳಿಯದು. ಆದರೆ ಯಂತ್ರದ ದೃಷ್ಟಿಯಲ್ಲಿ ಅದು ಸಂಖ್ಯೆಯಲ್ಲ, ಪದ. ಸಂಕಲನದ 'ಸಮ್' ಸೂತ್ರವು ಪದಗಳನ್ನು ಸದ್ದಿಲ್ಲದೆ ಬಿಟ್ಟುಬಿಡುವುದು. ಆ ವಿದ್ಯಾರ್ಥಿಯ ಮೊತ್ತದಲ್ಲಿ ೭೦ ಅಂಕಗಳು ಮಾಯವಾಗುವುವು. ಉಳಿದ ಮೊತ್ತವು ಯಾರ ಸಂಶಯಕ್ಕೂ ಆಸ್ಪದವಾಗದಂತೆ ಕುಳಿತಿರುವುದು. ಇದನ್ನು ಹಿಡಿಯಲು 'ಬಿ೨'ರಿಂದ 'ಜಿ೪೧'ರವರೆಗೆ ಈ ನಿಯಮವನ್ನು ಕೊಡಬೇಕು:

= ಆಂಡ್(ಈಸ್‌ಟೆಕ್ಸ್ಟ್(ಬಿ೨), ಬಿ೨<>"ಎಬಿ")

ಮನೆಯಲ್ಲಿ ಪದವಿದ್ದು ಅದು 'ಎಬಿ' ಅಲ್ಲದಿದ್ದರೆ ಬಣ್ಣ ಬರಲಿ ಎಂದು ಇದರ ಅರ್ಥ.

ಮೂರನೆಯದು ಎಲ್ಲೆಯ ನಿಯಮ. ೬೪ರ ಬದಲು ೬೪೦ ಎಂದು ಬರೆದುದನ್ನು ಇದು ಹಿಡಿಯುವುದು. 'ಸಿ೨'ರಿಂದ 'ಜಿ೪೧'ರವರೆಗೆ:

= ಆಂಡ್(ಈಸ್‌ನಂಬರ್(ಸಿ೨), ಆರ್(ಸಿ೨<೦, ಸಿ೨>೧೦೦))

'ಸಿ೨>೧೦೦' ಎಂದಷ್ಟೇ ಬರೆದರೆ ಸಾಲದೇ ಎಂದು ವಾಚಕರು ಕೇಳಬಹುದು. ಹೋಲಿಕೆಯಲ್ಲಿ ಯಾವುದೇ ಪದವನ್ನು ಯಾವುದೇ ಸಂಖ್ಯೆಗಿಂತ ದೊಡ್ಡದೆಂದು ಎಣಿಸುವುದು ಎಕ್ಸೆಲ್‌ನ ಪದ್ಧತಿ. ಆದುದರಿಂದ 'ಎಬಿ' ಎಂಬುದೂ ನೂರಕ್ಕಿಂತ ಹೆಚ್ಚೆನಿಸಿ ನಿಷ್ಕಾರಣವಾಗಿ ಬಣ್ಣ ಪಡೆದೀತು. ಪ್ರಥಮ ಭಾಷೆಯ ಕಂಬಸಾಲಿಗೆ ಪ್ರತ್ಯೇಕ ನಿಯಮವನ್ನು ಕೊಟ್ಟು ಎಲ್ಲೆಯನ್ನು ೧೨೫ ಎಂದು ಇಡಬೇಕು. ಹಾಗೆ ಮಾಡದಿದ್ದರೆ ೧೧೮ ಅಂಕ ಪಡೆದ ಜಾಣ ವಿದ್ಯಾರ್ಥಿಯೇ ತಪ್ಪಿತಸ್ಥನಂತೆ ಕೆಂಪಾಗುವನು! ವಿಷಯಜ್ಞಾನವಿಲ್ಲದೆ ಬರೆದ ನಿಯಮವು ಸರಿಯಾದುದನ್ನೇ ತಪ್ಪೆಂದು ತೋರಿಸುವುದು.

ನಾಲ್ಕನೆಯದು ಎರಡು ಬಾರಿ ಬಂದ ನೋಂದಣಿ ಸಂಖ್ಯೆಗೆ. 'ಎ೨'ರಿಂದ 'ಎ೪೧'ರವರೆಗೆ:

= ಕೌಂಟ್‌ಇಫ್($ಎ$೨:$ಎ$೪೧, ಎ೨)>೧

ಇಲ್ಲಿ ಪಟ್ಟಿಯ ಎರಡು ತುದಿಗಳಿಗೂ ಮೊಳೆ ಹೊಡೆದಿದೆ, ಹೋಲಿಸುವ ಮನೆಯು ಮಾತ್ರ ಸರಿಯುತ್ತದೆ.

ಐದನೆಯದು ಸೂತ್ರವನ್ನು ಅಳಿಸಿ ಅದರ ಸ್ಥಳದಲ್ಲಿ ಕೈಯಿಂದ ಬರೆದ ಸಂಖ್ಯೆಯನ್ನು ಕುರಿತದ್ದು. ಯಾರೋ ಅವಸರದಲ್ಲಿ 'ಎಚ್೧೭'ರಲ್ಲಿ ೪೧೨ ಎಂದು ನೇರವಾಗಿ ಬರೆದುಬಿಟ್ಟರೆ, ಮುಂದೆ ಮರುಮೌಲ್ಯಮಾಪನದಲ್ಲಿ ಅಂಕಗಳು ಬದಲಾದರೂ ಆ ಮೊತ್ತವು ಬದಲಾಗದೆ ನಿಂತಿರುವುದು. 'ಎಚ್೨'ರಿಂದ 'ಎಚ್೪೧'ರವರೆಗೆ:

= ನಾಟ್(ಈಸ್‌ಫಾರ್ಮುಲಾ(ಎಚ್೨))

ಈ ಸೂತ್ರವು ೨೦೧೩ರ ಮತ್ತು ಅನಂತರದ ಎಕ್ಸೆಲ್‌ಗಳಲ್ಲಿ ದೊರೆಯುವುದು.

ಆರನೆಯದು ಎಲ್ಲಕ್ಕಿಂತ ಹಳೆಯದು, ಕಂಪ್ಯೂಟರಿಗಿಂತಲೂ ಹಳೆಯದು. ಕಾಗದದ ಮೇಲೆ ಲೆಕ್ಕವಿಡುತ್ತಿದ್ದವರು ಅಡ್ಡಮೊತ್ತಗಳನ್ನು ಕೂಡಿ, ಉದ್ದಮೊತ್ತಗಳನ್ನು ಕೂಡಿ, ಎರಡೂ ತಾಳೆಯಾದರೆ ಮಾತ್ರ ಪುಟವನ್ನು ಮುಚ್ಚುತ್ತಿದ್ದರು. 'ಎಚ್೪೨'ರಲ್ಲಿ ವಿದ್ಯಾರ್ಥಿಗಳ ಮೊತ್ತಗಳ ಸಂಕಲನವಿರುವುದು. ೪೨ನೆಯ ಸಾಲಿನ ವಿಷಯವಾರು ಮೊತ್ತಗಳನ್ನು ಕೂಡಿದರೂ ಅದೇ ಬರಬೇಕು. ಆದುದರಿಂದ ಆ ಒಂದು ಮನೆಗೆ:

= ಎಚ್೪೨<>ಸಮ್(ಬಿ೪೨:ಜಿ೪೨)

ಯಾವುದೋ ಒಂದು ಮೊತ್ತದ ಸೂತ್ರವು ೪೧ನೆಯ ಸಾಲಿನವರೆಗೆ ಹೋಗದೆ ೩೬ರಲ್ಲಿ ನಿಂತಿದ್ದರೆ ಈ ಮನೆಯು ಕೂಡಲೇ ಕೆಂಪಾಗುವುದು. ಐದು ದೇಶಗಳನ್ನು ಬಿಟ್ಟ ಆ ಸೂತ್ರದ ಜಾತಿಗೆ ಸೇರಿದ ತಪ್ಪನ್ನು ಹಿಡಿಯಲು ಇಂತಹ ತಾಳೆಯೇ ಉಪಾಯ. ಹಣದ ಲೆಕ್ಕದಲ್ಲಿ ದಶಮಾಂಶಗಳಿದ್ದರೆ ಮಾತ್ರ ಒಂದು ಎಚ್ಚರಿಕೆ ಬೇಕು. ಕಂಪ್ಯೂಟರು ಸಂಖ್ಯೆಗಳನ್ನು ದ್ವಿಮಾನ ಪದ್ಧತಿಯಲ್ಲಿ ಇಡುವುದರಿಂದ ೦.೧ರಂತಹ ಸಂಖ್ಯೆಯು ಅದರಲ್ಲಿ ಪೂರ್ಣ ನಿಖರವಾಗಿ ಕೂರುವುದಿಲ್ಲ. ಸರಿಯಾದ ಎರಡು ಮೊತ್ತಗಳ ನಡುವೆಯೂ ಅತಿಸೂಕ್ಷ್ಮ ಅಂತರ ಉಳಿಯಬಹುದು. ಅಂತಹೆಡೆ 'ಸಮವಲ್ಲ' ಎಂದು ಕೇಳದೆ 'ಅಂತರವು ಅರ್ಧ ಪೈಸೆಗಿಂತ ಹೆಚ್ಚೇ' ಎಂದು ಕೇಳತಕ್ಕದ್ದು.

ಪದ ಸಂಖ್ಯೆಯಾದಾಗ

ಎರಡನೆಯ ನಿಯಮದ ವಿಪರ್ಯಯಕ್ಕೆ ಜೀವವಿಜ್ಞಾನದಲ್ಲಿ ಒಂದು ಸ್ವಾರಸ್ಯವಾದ ಪ್ರಸಂಗವುಂಟು. ಮಾನವನ ಜೀನ್‌ಗಳಲ್ಲಿ ಒಂದಕ್ಕೆ 'ಸೆಪ್ಟ್೨' ಎಂದೂ, ಮತ್ತೊಂದಕ್ಕೆ 'ಮಾರ್ಚ್೧' ಎಂದೂ ಸಂಕೇತಗಳಿದ್ದುವು. ಇವನ್ನು ಎಕ್ಸೆಲ್‌ನಲ್ಲಿ ಬರೆದೊಡನೆ ಅದು ಸೆಪ್ಟೆಂಬರ್ ೨, ಮಾರ್ಚ್ ೧ ಎಂಬ ದಿನಾಂಕಗಳೆಂದು ಭಾವಿಸಿ ಬದಲಾಯಿಸಿಬಿಡುತ್ತಿತ್ತು. ೨೦೧೬ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ಜೀನ್‌ಗಳ ಪಟ್ಟಿಯನ್ನು ಎಕ್ಸೆಲ್ ಹಾಳೆಯಾಗಿ ಲಗತ್ತಿಸಿದ ಸಂಶೋಧನ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಷ್ಟು ಇಂತಹ ತಪ್ಪುಗಳಿಂದ ಕೂಡಿದ್ದುವು. ಕಡೆಗೆ ೨೦೨೦ರಲ್ಲಿ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು ಆ ಸಂಕೇತಗಳನ್ನೇ ಬದಲಾಯಿಸಿತು. ದಿನಾಂಕವನ್ನು ಎಕ್ಸೆಲ್ ಒಳಗೆ ಸಂಖ್ಯೆಯಾಗಿಯೇ ಇಡುವುದು. ಆದುದರಿಂದ ಹೆಸರುಗಳ ಕಂಬಸಾಲಿಗೆ 'ಈಸ್‌ನಂಬರ್' ಎಂಬ ಒಂದೇ ಪದದ ನಿಯಮವನ್ನು ಕೊಟ್ಟಿದ್ದರೆ ಅಂತಹ ಪ್ರತಿಯೊಂದು ಮನೆಯೂ ಬಣ್ಣದಿಂದ ಎದ್ದು ಕಾಣುತ್ತಿತ್ತು.

ಬಣ್ಣದ ಮಿತಿಗಳು

ಇಷ್ಟೆಲ್ಲ ನಿಯಮಗಳನ್ನು ಕೊಟ್ಟ ಹಾಳೆಯಲ್ಲಿ ಒಂದು ಮನೆಯೂ ಕೆಂಪಾಗದಿದ್ದರೆ ಲೆಕ್ಕವು ಶುದ್ಧವಾಯಿತೆಂದು ಹೇಳಬಹುದೇ? ಹೇಳಲಾಗದು. ನಾವು ಕೇಳಿದ ಪ್ರಶ್ನೆಗಳಿಗೆಲ್ಲ 'ಅಲ್ಲ' ಎಂಬ ಉತ್ತರ ಬಂದಿದೆಯೆಂದಷ್ಟೇ ಹೇಳಬಹುದು. ೬೪ರ ಬದಲು ೪೬ ಎಂದು ಬರೆದಿದ್ದರೆ ಅದು ಸಂಖ್ಯೆಯೂ ಹೌದು, ಎಲ್ಲೆಯೊಳಗೂ ಇದೆ, ಅಡ್ಡ ಉದ್ದ ಮೊತ್ತಗಳೂ ತಾಳೆಯಾಗುವುವು. ಇದಕ್ಕೆ ಬೇರೆ ಉಪಾಯ ಬೇಕು. ಇಬ್ಬರು ಬೇರೆ ಬೇರೆಯಾಗಿ ಎರಡು ಹಾಳೆಗಳಲ್ಲಿ ಅಂಕಗಳನ್ನು ತುಂಬಿ, ಎರಡರಲ್ಲಿ ಅದೇ ವಿಳಾಸದ ಮನೆಗಳು ಸಮವಲ್ಲದೆಡೆ ಬಣ್ಣ ಬರುವಂತೆ ಮಾಡಬಹುದು. ಇಲ್ಲವೆ ಕಾಗದದ ಮೇಲಿನ ಮೊತ್ತದೊಡನೆ ಹೋಲಿಸಬಹುದು. ಅಂತರವು ೯ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದೆಂದು ಮೊದಲು ಸಂಶಯಪಡಬೇಕು. ಏಕೆಂದರೆ ೧೦ಅ + ಬ ಎಂಬ ಸಂಖ್ಯೆಯು ೧೦ಬ + ಅ ಎಂದಾದಾಗ ಅಂತರವು ೯(ಅ − ಬ) ಆಗುವುದು. ೬೪ರಲ್ಲಿ ೪೬ನ್ನು ಕಳೆದರೆ ೧೮.

ಇನ್ನೊಂದು ಮಿತಿಯು ಇದಕ್ಕಿಂತ ಗಂಭೀರವಾದುದು. ಹಾಳೆಗೆ ಬಾರದೇ ಇದ್ದ ಸಾಲಿಗೆ ಬಣ್ಣ ಬಳಿಯುವುದು ಸಾಧ್ಯವಿಲ್ಲ. ೨೦೨೦ರ ಕೊರೋನಾ ಪಿಡುಗಿನ ಕಾಲದಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಪರೀಕ್ಷೆಯ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ಮಾದರಿಯ ಹಾಳೆಗಳಿಗೆ ತುಂಬಿಸುತ್ತಿದ್ದಿತು. ಆ ಮಾದರಿಯಲ್ಲಿ ೬೫,೫೩೬ ಅಡ್ಡಸಾಲುಗಳಿಗಿಂತ ಹೆಚ್ಚಿಗೆ ಅವಕಾಶವಿಲ್ಲ. ಮಿಕ್ಕವು ಹೊರಗುಳಿದುವು. ಸೆಪ್ಟೆಂಬರ್ ೨೫ರಿಂದ ಅಕ್ಟೋಬರ್ ೨ರವರೆಗೆ ೧೫,೮೪೧ ಸೋಂಕಿತರ ವಿವರಗಳು ದೈನಂದಿನ ವರದಿಯಿಂದ ಬಿಟ್ಟುಹೋದುವು; ಅವರ ಸಂಪರ್ಕಕ್ಕೆ ಬಂದಿದ್ದವರನ್ನು ಹುಡುಕಿ ಎಚ್ಚರಿಸುವ ಕಾರ್ಯವು ಅಷ್ಟರಮಟ್ಟಿಗೆ ತಡವಾಯಿತು. ಬಂದ ಸಾಲುಗಳೆಲ್ಲ ನಿರ್ದೋಷವಾಗಿಯೇ ಇದ್ದುವು! ಕಳುಹಿಸಿದ ಸಾಲುಗಳೆಷ್ಟು, ತಲಪಿದ ಸಾಲುಗಳೆಷ್ಟು ಎಂಬ ಎರಡು ಸಂಖ್ಯೆಗಳನ್ನು ಒಂದೆಡೆ ಇಟ್ಟು, ಅವು ಸಮವಲ್ಲದಿದ್ದರೆ ಬಣ್ಣ ಬರಲೆಂಬ ನಿಯಮವಿದ್ದರೆ ಮಾತ್ರ ಇಂತಹುದು ಗೋಚರವಾಗುವುದು.

ಬಣ್ಣವನ್ನು ಬಳಸುವಲ್ಲಿ ಕೆಲವು ಸಾಮಾನ್ಯ ವಿವೇಕಗಳನ್ನೂ ಪಾಲಿಸಬೇಕು. ಹತ್ತು ಬಗೆಯ ಬಣ್ಣಗಳಿರುವ ಹಾಳೆಯಲ್ಲಿ ಯಾವುದೂ ಎದ್ದು ಕಾಣದು. ಎರಡು ಮೂರು ಸಾಕು. ಕೆಂಪು ಹಸಿರುಗಳ ಭೇದವನ್ನು ತಿಳಿಯಲಾರದವರೂ ನಮ್ಮ ನಡುವೆ ಇರುವರಾದ್ದರಿಂದ ಬಣ್ಣದೊಡನೆ ದಪ್ಪ ಅಕ್ಷರವನ್ನೋ ಸುತ್ತ ಗೆರೆಯನ್ನೋ ಸೇರಿಸುವುದು ಒಳ್ಳೆಯದು. ಬೇರೆ ಕಡೆಯಿಂದ ಮನೆಗಳನ್ನು ನಕಲುಮಾಡಿ ಅಂಟಿಸಿದಾಗ ಅಲ್ಲಿದ್ದ ನಿಯಮಗಳು ಅಳಿಸಿಹೋಗಬಹುದು. ಆಗಾಗ್ಗೆ ಒಂದು ತಪ್ಪನ್ನು ಬೇಕೆಂದೇ ಬರೆದು ಬಣ್ಣ ಬರುವುದೇ ಎಂದು ಪರೀಕ್ಷಿಸಿ, ಅನಂತರ ಅಳಿಸಬೇಕು.

ಇದೇ ಸಾಧನವನ್ನು ತದ್ವಿರುದ್ಧವಾದ ಕೆಲಸಕ್ಕೂ ಬಳಸುವುದುಂಟು. ತಪ್ಪಿರುವ ಮನೆಯಲ್ಲಿ ಅಕ್ಷರಗಳು ಬಿಳಿಯಾಗಲಿ ಎಂಬ ನಿಯಮವನ್ನು ಕೊಟ್ಟರೆ ಬಿಳಿಯ ಹಾಳೆಯ ಮೇಲೆ ತಪ್ಪಿನ ಗುರುತು ಕಾಣುವುದೇ ಇಲ್ಲ. ವರದಿಯು ಅಚ್ಚುಕಟ್ಟಾಗಿ ತೋರುವುದು. 'ಇಫ್‌ಎರರ್' ಎಂಬ ಸೂತ್ರದಿಂದ ತಪ್ಪಿನ ಸ್ಥಳದಲ್ಲಿ ಸೊನ್ನೆಯನ್ನು ಬರಿಸುವುದೂ ಉಂಟು. ತಪ್ಪಿನ ಕಾರಣವನ್ನು ತಿಳಿದು, ಅದು ನಿರಪಾಯಕರವೆಂದು ನಿಶ್ಚಯಿಸಿದ ಮೇಲೆ ಹೀಗೆ ಮಾಡಿದರೆ ದೋಷವಿಲ್ಲ. ಕಾರಣವನ್ನು ತಿಳಿಯುವ ಮೊದಲೇ ಮಾಡಿದರೆ, ಕೂಗುತ್ತಿದ್ದ ತಪ್ಪನ್ನು ನಾವೇ ಬಾಯಿ ಕಟ್ಟಿ ಮೌನವಾದ ತಪ್ಪುಗಳ ಗುಂಪಿಗೆ ಸೇರಿಸಿದಂತಾಯಿತು.

ವಾಚಕರು ತಮ್ಮ ತರಗತಿಯ ಪ್ರಯೋಗಗಳ ಅಳತೆಗಳನ್ನೋ, ಮನೆಯ ಖರ್ಚಿನ ಲೆಕ್ಕವನ್ನೋ ತೆಗೆದುಕೊಂಡು ಇದನ್ನು ಸ್ವತಃ ಮಾಡಿನೋಡಬಹುದು. ಮೊದಲು ಹಾಳೆಯನ್ನು ತೆರೆಯುವುದು ಬೇಡ. ಒಂದು ಕಾಗದದ ಮೇಲೆ, ಈ ಲೆಕ್ಕವು ಸರಿಯಾಗಿದ್ದರೆ ಯಾವ ಯಾವ ಮಾತುಗಳು ನಿಜವಾಗಿರಲೇಬೇಕು ಎಂಬುದನ್ನು ಐದಾರು ವಾಕ್ಯಗಳಲ್ಲಿ ಬರೆಯಿರಿ. 'ಯಾವ ದಿನದ ಖರ್ಚೂ ಸೊನ್ನೆಗಿಂತ ಕಡಮೆಯಲ್ಲ', 'ಉಳಿಕೆಯೂ ಖರ್ಚೂ ಸೇರಿದರೆ ಆದಾಯಕ್ಕೆ ಸಮ', 'ಒಂದೇ ರಸೀತಿಯ ಸಂಖ್ಯೆ ಎರಡು ಸಲ ಬಾರದು' ಎಂಬಂತೆ. ಬಳಿಕ ಪ್ರತಿಯೊಂದು ವಾಕ್ಯಕ್ಕೂ ಒಂದೊಂದು ನಿಯಮವನ್ನು ರಚಿಸಿರಿ. ವಾಕ್ಯವನ್ನು ಬರೆಯುವುದೇ ಕಷ್ಟದ ಭಾಗವೆಂಬುದು ಆಗ ತಿಳಿದುಬರುವುದು. ಬಣ್ಣ ಬಳಿಯುವ ಕೆಲಸವನ್ನು ಯಂತ್ರವು ನಿಮಿಷದಲ್ಲಿ ಮುಗಿಸುವುದು.